ವಾಲ್ವೋ ಟ್ರಾನ್ಸಿಸ್ಟರೋ: ಮಲೆನಾಡಿನ ಮನೆಗೊಂದು ಆಂಪ್ಲಿಫೈಯರ್

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಯ ಜಗಲಿಯಲ್ಲಿ ಒಂದು ವಾಲ್ವ್ ರೇಡಿಯೋ ಇತ್ತು. ಅಪ್ಪ ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು, ಅಂದರೆ ಗಾಜಿನ ಬುರುಡೆಗಳು, ಬಿಸಿಯಾಗಬೇಕು, ಮುಂದಿನ ಹಸಿರು ಕಣ್ಣು ಮೆಲ್ಲಗೆ ಬೆಳಗಬೇಕು, ಆಮೇಲೆ ಭದ್ರಾವತಿ ಕೇಂದ್ರದ ದನಿ. ಮಳೆಗಾಲದಲ್ಲಿ ಅದರ ಹಿಂದಿನ ರಟ್ಟಿಗೆ ಅಂಗೈ ಒಡ್ಡಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆವು. ಆ ದನಿ ಕಿವಿಯಲ್ಲಿ ಉಳಿದವರು ಇವತ್ತು ಮನೆಗೆ ಸ್ಟೀರಿಯೋ ತರುವಾಗ ಕೇಳುತ್ತಾರೆ: ದನಿಯನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವ ಆಂಪ್ಲಿಫೈಯರ್ ವಾಲ್ವಿನದು ತರಲೋ, ಆ ಬುರುಡೆಯ ಕೆಲಸವನ್ನು ಸಣ್ಣ ಬಿಲ್ಲೆಯಲ್ಲೇ ಮಾಡುವ ಟ್ರಾನ್ಸಿಸ್ಟರಿನದೋ? ಎರಡನ್ನೂ ಬಿಚ್ಚಿ ಕೂಡಿಸಿದ ಕೈ ನನ್ನದು. ಅದೇ ಅನುಭವದಲ್ಲಿ ಹೇಳುತ್ತೇನೆ.

ಮೊದಲು ದನಿಯ ವಿಚಾರ. ಆಂಪ್ಲಿಫೈಯರ್ ಯಾವುದೇ ಇರಲಿ, ಹಾಡಿಗೆ ತನ್ನದೂ ಒಂದಿಷ್ಟು ಬೆರೆಸುತ್ತದೆ. ಷಡ್ಜ ಕೊಟ್ಟರೆ ವಾಲ್ವು ಹೆಚ್ಚಾಗಿ ಬೆರೆಸುವುದು ಅದರ ಎರಡರಷ್ಟು ಕಂಪನ, ಅಂದರೆ ಮೇಲಿನ ಷಡ್ಜ. ಮೂರರಷ್ಟು ಬೆರೆತರೆ ಮೇಲಿನ ಪಂಚಮ. ಇವೆಲ್ಲ ತಂಬೂರಿಯ ತಂತಿಯೊಳಗೇ ಇರುವ ಸ್ವರಗಳು, ಹಾಗಾಗಿ ಕಿವಿಗೆ ಮುನಿಸಿಲ್ಲ, ದನಿ ತುಂಬಿಕೊಂಡ ಹಾಗೆ ಕೇಳುತ್ತದೆ. ಏಳರಷ್ಟಿನದು ಕಿವಿಗೆ ಹಾಗಲ್ಲ, ಅದು ನಿಷಾದಕ್ಕೆ ಸ್ವಲ್ಪ ಕೆಳಗೆ, ಶ್ರುತಿಗೆ ಕೂಡದೆ ನಿಲ್ಲುತ್ತದೆ. ಅಗ್ಗದ ಟ್ರಾನ್ಸಿಸ್ಟರ್ ಸೆಟ್ಟನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಅಲೆಯ ತಲೆ ಕತ್ತಿಯಲ್ಲಿ ಸವರಿದಂತೆ ಚಪ್ಪಟೆಯಾಗಿ, ಇಂಥ ಒರಟು ಸ್ವರಗಳು ಏಳುತ್ತವೆ. ಜಾತ್ರೆಯ ಮೈಕ್ ಸೆಟ್ಟಿನಲ್ಲಿ ಚಂಡೆಯ ಪೆಟ್ಟು ಕಿವಿಗೆ ಚುಚ್ಚುವುದು ಬಹಳ ಸಲ ಇದರಿಂದಲೇ. ವಾಲ್ವಿನಲ್ಲಿ ಅದೇ ತಲೆ ದುಂಡಗೆ ಬಾಗುತ್ತದೆ.

ಆದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಅದರ ಮಿತಿಯೊಳಗೆ ನಡೆಸಿದರೆ ಅದು ಬೆರೆಸುವುದು ಕಿವಿಗೆ ಸಿಗದಷ್ಟು ಕಡಿಮೆ. ವಾಲ್ವಿನಲ್ಲಿ ನಿಮಗೆ ಹಿತವಾದದ್ದು ಗಾಯಕರ ಕಂಠದಲ್ಲಿ ಇದ್ದದ್ದಲ್ಲ, ವಾಲ್ವು ಸೇರಿಸಿದ್ದು. ಇಷ್ಟಪಡುವುದರಲ್ಲಿ ತಪ್ಪಿಲ್ಲ, ತಿಳಿದು ಇಷ್ಟಪಡಿ.

ಇನ್ನು ಕರೆಂಟು. ನಮ್ಮ ಕಡೆಯಲ್ಲಿ ನಿಜವಾದ ತಕರಾರು ಇಲ್ಲೇ. ಒಂದು ಫೆಬ್ರವರಿ ಸಂಜೆ, ನಾನೇ ಕಟ್ಟಿದ ಇಎಲ್ 84 ವಾಲ್ವಿನ ಸೆಟ್ಟಿನಲ್ಲಿ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳ ಗಮಕ ಕೇಳುತ್ತಿದ್ದೆ. ಹಿಂದೆ ಶ್ರುತಿ, ಮುಂದೆ ಒಂದೇ ಕಂಠ. ಆಂಪ್ಲಿಫೈಯರ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ತ್ರೀ ಫೇಸ್ ಬಂತು, ಸುತ್ತಲಿನ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದವು. ವಾಲ್ವುಗಳೊಳಗಿನ ಕಿತ್ತಳೆ ಕೆಂಡ ನೋಡುನೋಡುತ್ತ ಮಂಕಾಯಿತು. ಕಂಠ ಸಣ್ಣಗಾಗಿ, ಆಮೇಲೆ ಒಡೆಯಿತು. ಮೀಟರು ಹಿಡಿದರೆ 170 ವೋಲ್ಟ್. ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಗೆ, ಅಂದರೆ ಹೀಟರಿಗೆ, ಬೇಕಾದ್ದು 6.3 ವೋಲ್ಟ್, ಶೇಕಡಾ ಹತ್ತು ಆಚೀಚೆ ಆದರೆ ತಡೆದೀತು. ಗೋಡೆಯಲ್ಲಿ 230 ಇರಬೇಕಾದಲ್ಲಿ 170 ಬಂದರೆ ಹೀಟರಿಗೆ ಸಿಗುವುದು 4.7ರ ಹತ್ತಿರ. ದಿನವೂ ಹೀಗಾದರೆ ವಾಲ್ವು ಬೇಗ ಸೊರಗುತ್ತದೆ. ಹೊಸದು ತರಲು ಈಗ ಸುಲಭವಿಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಬಿಇಎಲ್ ವಾಲ್ವ್ ತಯಾರಿಸುತ್ತಿತ್ತು; ಇವತ್ತು ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರಬೇಕು. ಸ್ಟೆಬಿಲೈಸರ್ ಇಲ್ಲದೆ ಹಳ್ಳಿಯ ಮನೆಯಲ್ಲಿ ವಾಲ್ವ್ ಸೆಟ್ ಇಡಬೇಡಿ.

ಇನ್ವರ್ಟರಿನ ಲೆಕ್ಕವೂ ಇದೆ. ನಾಲ್ಕು ಇಎಲ್ 84 ಇರುವ ಸಣ್ಣ ಸ್ಟೀರಿಯೋ ಹಾಡಿರಲಿ ಬಿಡಲಿ ಸುಮಾರು 80 ವ್ಯಾಟ್ ತಿನ್ನುತ್ತದೆ, ಒಂದೊಂದು ಕಡೆಗೆ ಕೊಡುವುದು ಹತ್ತು ಹನ್ನೆರಡು ವ್ಯಾಟ್. ಆಷಾಢದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಆಗುಂಬೆ, ಹೊಸನಗರದ ಕಡೆಯವರು ಇದನ್ನು ಯೋಚಿಸಬೇಕು. ಥಂಡಿಗೆ ವಾಲ್ವಿನ ಸಾಕೆಟ್ಟಿಗೆ ಕಿಲುಬು ಹತ್ತಿ ಚರಚರ ಸದ್ದು ಬರುತ್ತದೆ. ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಹಾಕಿ, ಅದರ ಬಿಸಿಯೇ ಥಂಡಿ ಓಡಿಸುತ್ತದೆ. ಸ್ಪೀಕರ್ ಜೋಡಿಸದೆ ಮಾತ್ರ ಹಾಕಕೂಡದು, ವಾಲ್ವಿಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಆಫ್ ಮಾಡಿದ ಮೇಲೂ ಕರೆಂಟು ಹಿಡಿದಿಡುವ ಕಂಡೆನ್ಸರಿನಲ್ಲಿ 300 ವೋಲ್ಟ್‌ವರೆಗೂ ಉಳಿದಿರಬಹುದು. ಮುಚ್ಚಳ ತೆಗೆದು ಕೈ ಹಾಕುವ ಧೈರ್ಯ ಯಾರೂ ಮಾಡಬೇಡಿ. ಜೀವದ ಮಾತಿದು.

ಟ್ರಾನ್ಸಿಸ್ಟರಿಗೂ ಅದರದೇ ರೋಗಗಳಿವೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ, ರಕ್ಷಣೆಯ ರಿಲೇ ಇಲ್ಲದ ಸೆಟ್ಟಿನಲ್ಲಿ ಡಿಸಿ ಕರೆಂಟು ನೇರ ಸ್ಪೀಕರಿಗೆ ನುಗ್ಗಿ ಸುರುಳಿ ಸುಡುತ್ತದೆ. ಹಲ್ಲಿ ಒಳಗೆ ಹೋಗಿ ಬೋರ್ಡ್ ಸುಟ್ಟದ್ದನ್ನೂ ಕಂಡಿದ್ದೇನೆ.

ಹಾಗಾದರೆ ಯಾವುದು? ಸ್ಪೀಕರನ್ನು ಮೊದಲು ಆರಿಸಿ. ಒಂದು ವ್ಯಾಟಿಗೆ 92 ಡೆಸಿಬೆಲ್ ಕೊಡುವ ಸ್ಪೀಕರಿಗೆ ಹತ್ತು ವ್ಯಾಟಿನ ವಾಲ್ವು ಧಾರಾಳ. 86 ಕೊಡುವ ಸ್ಪೀಕರಾದರೆ ಅಷ್ಟೇ ದನಿಗೆ ನಾಲ್ಕು ಪಟ್ಟು ಶಕ್ತಿ ಬೇಕು, ಅದು ಟ್ರಾನ್ಸಿಸ್ಟರಿನ ಕೆಲಸ. ಯಕ್ಷಗಾನ ಕೇಳುವ ಮನೆಗೆ, ದಿನವಿಡೀ ಹಾಡು ಹಾಕುವ ಮನೆಗೆ, ಮಕ್ಕಳು ಓಡಾಡುವ ಮನೆಗೆ ನಾನು ಟ್ರಾನ್ಸಿಸ್ಟರನ್ನೇ ಹೇಳುತ್ತೇನೆ, ಎರಡು ಮಾತಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೂತು ಒಂದು ಕಂಠವನ್ನೋ ವೀಣೆಯನ್ನೋ ಕೇಳುವವರು, ಸ್ಟೆಬಿಲೈಸರಿಗೂ ಖರ್ಚು ಮಾಡಲು ತಯಾರಿರುವವರು, ವಾಲ್ವು ತನ್ನಿ. ಸಂತೋಷಪಡುತ್ತೀರಿ.

ಶಿವಮೊಗ್ಗದ ಅಂಗಡಿಗೋ ಬೆಂಗಳೂರಿಗೋ ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ಹಾಡೊಂದನ್ನು ಜೊತೆಗೆ ಒಯ್ಯಿರಿ. ಎರಡು ಸೆಟ್ಟಿನಲ್ಲೂ ದನಿ ಒಂದೇ ಮಟ್ಟಕ್ಕೆ ಇಡಿಸಿ ಕೇಳಿ. ಕೂದಲೆಳೆಯಷ್ಟು ಜೋರಿದ್ದರೂ ಜೋರಿನದೇ ಚೆಂದ ಅನ್ನಿಸುತ್ತದೆ, ಅಂಗಡಿಯವರಿಗೆ ಅದು ಗೊತ್ತು. ತಂದ ಮೇಲೆ, ಯಾವ ಸೆಟ್ಟೇ ಆಗಲಿ, ಪಡುವಣದಲ್ಲಿ ಗುಡುಗಿದ ಕೂಡಲೇ ಎದ್ದು ಹೋಗಿ ಪಿನ್ನು ಕಿತ್ತಿಡಿ. ನಮಸ್ಕಾರ.