‘ಎ ಒನ್’ ಅನ್ನುವಾಗ ನಾವು ಮರೆಯುವ ಒಂದು

ಗೆಳೆಯರೇ, ಚಹಾ ಚೆನ್ನಾಗಿದ್ದರೆ ‘ಎ ಒನ್’ ಅಂತೀವಿ. ಚಿಪ್ಸ್ ಅಂಗಡಿ ಬೋರ್ಡಿನಲ್ಲೂ ಅದೇ ಇರುತ್ತದೆ. ಇಂಗ್ಲಿಷಿನವರ ಈ ಮಾತು ಹಡಗಿನ ಲೆಕ್ಕಪುಸ್ತಕದಿಂದ ಬಂದದ್ದು. ಅದರಲ್ಲಿ ‘ಎ’ಗಿಂತ ‘ಒಂದು’ ದೊಡ್ಡದು ಅನ್ನುವುದು ನನ್ನ ವಾದ.

ಲಂಡನ್ನಿನಲ್ಲಿ 1680ರ ದಶಕದಲ್ಲಿ ಎಡ್ವರ್ಡ್ ಲಾಯ್ಡ್ ಅವರ ಕಾಫಿ ಹೌಸ್ ಇತ್ತು. ಹಡಗಿನ ಮಾಲೀಕರು, ಕ್ಯಾಪ್ಟನ್‌ಗಳು, ವಿಮೆ ಕೊಡುವವರು ಎಲ್ಲರೂ ಅಲ್ಲೇ ಸೇರುತ್ತಿದ್ದರು. ಯಾವ ಹಡಗು ದಡ ಮುಟ್ಟಿತು, ಯಾವುದು ಮುಳುಗಿತು, ಎಲ್ಲ ಸುದ್ದಿಯೂ ಅಲ್ಲಿ ಸಿಗುತ್ತಿತ್ತು. ಒಂದು ಕಪ್ ಕಾಫಿಗೆ ಇಷ್ಟೆಲ್ಲಾ ಸಿಕ್ಕರೆ ಯಾರು ಬೇಗ ಎದ್ದು ಹೋಗುತ್ತಾರೆ ಹೇಳಿ!

ಲಾಯ್ಡ್ ತೀರಿಕೊಂಡ ಮೇಲೂ ಅವರ ಹೆಸರು ಉಳಿಯಿತು. 1760ರಲ್ಲಿ ಅಲ್ಲಿನ ಗಿರಾಕಿಗಳೇ ಸೇರಿ ಸಂಘ ಕಟ್ಟಿದರು. ಹಡಗಿನ ಸ್ಥಿತಿ ಗೊತ್ತಿಲ್ಲದೆ ದುಡ್ಡು ಹಾಕುವುದು ಹೇಗೆ? ಅದಕ್ಕೇ ಹಡಗು ಪರೀಕ್ಷಿಸುವ ಸರ್ವೇಯರ್‌ಗಳನ್ನು ಬಂದರಿಗೆ ಕಳಿಸಿದರು, ಅವರು ಕಂಡದ್ದನ್ನು ಪುಸ್ತಕ ಮಾಡಿದರು. ಉಳಿದಿರುವ ಅತಿ ಹಳೆಯ ಪುಸ್ತಕ 1764ರದು. ಅದರಲ್ಲಿ ಹಡಗಿನ ಒಡಲಿಗೆ ಎ, ಇ, ಐ, ಓ, ಯು ಅಂತ ದರ್ಜೆ. ಹಗ್ಗ, ಲಂಗರು, ಹಾಯಿಗಳಿಗೆ ಬೇರೆ ಗುರುತು: ಒಳ್ಳೆಯದು, ಸಾಧಾರಣ, ಕೆಟ್ಟದ್ದು. ಮುಂದೆ ಈ ಗುರುತಿನ ಜಾಗಕ್ಕೆ ಅಂಕಿ ಬಂತು. ಒಡಲೂ ಗಟ್ಟಿ, ಸಾಮಾನೂ ಗಟ್ಟಿ ಅಂದರೆ ‘ಎ ಒನ್’.

ಇಲ್ಲಿ ಸ್ವಲ್ಪ ನಿಲ್ಲೋಣ. ಒಡಲು ‘ಎ’ ಇದ್ದೂ ಸಾಮಾನು ‘ಎರಡು’ ಆಗಬಹುದಿತ್ತು. ಮಲ್ಪೆ, ಗಂಗೊಳ್ಳಿ ಕಡೆಯವರು ಇಲ್ಲಿದ್ದೀರಿ, ನಿಮಗೆ ನಾನು ಹೇಳಬೇಕಾ? ರಾತ್ರಿ ಗಾಳಿ ದಡದ ಕಡೆಗೆ ಬೀಸುತ್ತಿದೆ. ಲಂಗರಿನ ಹಗ್ಗ ಸವೆದಿದೆ. ಅದು ಹರಿದರೆ ಒಳ್ಳೆಯ ಓಕ್ ಮರದ ಹಡಗೂ ಬಂಡೆಗೆ ಹೋಗಿ ಬಡಿಯುತ್ತದೆ. ಒಡಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಹಗ್ಗವನ್ನು ಮಾತ್ರ ಕೈಯಲ್ಲಿ ಹಿಡಿದೇ ನೋಡಬೇಕು. ಆ ‘ಒಂದು’ ಅಂಕಿಯ ಹಿಂದೆ ಹೀಗೆ ಹಿಡಿದು ನೋಡಿದವನೊಬ್ಬ ಇರಬೇಕಿತ್ತು.

ದರ್ಜೆಯಲ್ಲಿ ಜಗಳವೂ ಆಯಿತು. ಹಡಗು ಈಗ ಹೇಗಿದೆ ಅನ್ನುವುದಕ್ಕಿಂತ ಎಲ್ಲಿ ಕಟ್ಟಿದ್ದು, ಎಷ್ಟು ಹಳೆಯದು ಅನ್ನುವುದನ್ನೇ ವಿಮೆಯವರು ಜಾಸ್ತಿ ನೋಡತೊಡಗಿದರು. ಮಾಲೀಕರು ಸಿಟ್ಟಾಗಿ 1799ರಲ್ಲಿ ತಮ್ಮದೇ ಪುಸ್ತಕ ತಂದರು. ವಿಮೆಯವರದು ಹಸಿರು ಪುಸ್ತಕ, ಇವರದು ಕೆಂಪು. ಮಾಲೀಕರ ಸಿಟ್ಟು ನ್ಯಾಯವಾದದ್ದೇ ಅಂತೀನಿ. ಹಗ್ಗ ಮುಟ್ಟದೆ ಬರೆದ ‘ಒಂದು’ ಯಾವ ಲೆಕ್ಕಕ್ಕೆ?

ಸಮಯ ಆಯ್ತು ಅಂತ ಚೀಟಿ ಬಂದಿದೆ. ಬೇಗ ಹೇಳಿಬಿಡುತ್ತೇನೆ. 1834ರಲ್ಲಿ ಎರಡೂ ಪುಸ್ತಕ ಒಂದಾದವು. ಅದೇ ದಶಕದಲ್ಲಿ ಇಂಗ್ಲಿಷ್ ಲೇಖಕ ಡಿಕನ್ಸ್ ಬರೆದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೈಲಿನ ಕಾವಲುಗಾರ ಒಬ್ಬ ಮನುಷ್ಯನನ್ನೇ ‘ಎ ಒನ್’ ಅಂತಾನೆ. ಮಾತು ಬಂದರು ಬಿಟ್ಟು ಊರೊಳಗೆ ಬಂದಾಗಿತ್ತು, ಹಗ್ಗ, ಲಂಗರು ಅಲ್ಲೇ ಉಳಿದವು. ಹಡಗಿಗೆ ಎಷ್ಟು ಭಾರ ತುಂಬಬಹುದು ಅಂತ ತೋರಿಸುವ ಗೆರೆಯ ಕಥೆಯನ್ನೂ ಹೇಳಬೇಕೆಂದಿದ್ದೆ, ಇನ್ನೊಮ್ಮೆ ಹೇಳುತ್ತೇನೆ. ಈಗ ನಿಮ್ಮ ಪ್ರಶ್ನೆ ಕೇಳಿ.