ತಡ್ಕಳಿ ಸಾ, ಕಟ್ಬುಡ್ತೀನಿ

ಅಯ್ಯನವರೇ, ಸಭೆಯ ಹಿರಿಯರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಹೋದ ವಾರ ಅಯ್ಯನವರು ಫೋನ್ ಮಾಡಿ, "ದಿನನಿತ್ಯದ ಬದುಕಿನಲ್ಲಿ ಕ್ರಿಸ್ತನ ಪ್ರೀತಿ, ಮುಖ್ಯವಾಗಿ ತಾಳ್ಮೆ, ಇದರ ಮೇಲೆ ನಾಲ್ಕು ಮಾತಾಡಬೇಕು" ಅಂದಾಗ ನನ್ನ ಹೆಂಡತಿ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಕೇಳಿಸಿಕೊಂಡು ನಕ್ಕಳು. ಯಾಕೆ ನಕ್ಕಳು ಅನ್ನೋದು ಸ್ವಲ್ಪ ಹೊತ್ತಿನಲ್ಲಿ ನಿಮಗೇ ತಿಳಿಯುತ್ತೆ.

ನಾನು ದೇವಶಾಸ್ತ್ರ ಓದಿದವನಲ್ಲ. ಮಂಡ್ಯದ ಕಡೆ ಒಂದು ಸಹಕಾರ ಸಂಘದಲ್ಲಿ 31 ವರ್ಷ ಲೆಕ್ಕ ಬರೆದು, ನಿವೃತ್ತನಾಗಿ ಮೈಸೂರಿಗೆ ಬಂದವನು. ಅಸಲು, ಬಡ್ಡಿ, ಕಂತು, ಗಡುವು, ಸುಸ್ತಿ, ಇವೇ ನನ್ನ ಭಾಷೆ. ಆ ಸಂಘದ ಕಿಟಕಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದು ಗೊತ್ತೇ? "ತಡ್ಕಳಿ ಸಾ, ಕಬ್ಬಿನ ದುಡ್ಡು ಬರ್ಲಿ, ಎಲ್ಲಾ ಕಟ್ಬುಡ್ತೀನಿ." ಕಬ್ಬು ಕಡಿದು ಕಾರ್ಖಾನೆಗೆ ಹೊಡೆದು ತಿಂಗಳುಗಟ್ಟಲೆ ಆಗಿರೋದು, ಬಟವಾಡೆ ಬಂದಿರೋದಿಲ್ಲ. ಈ ಕಡೆ ನಮ್ಮ ಗಡುವು ಮುಗಿದಿರೋದು. ಕಾರ್ಖಾನೆಯವರ ತಡಕ್ಕೆ ರೈತ ಸುಸ್ತಿದಾರ. ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ಕಿಟಕಿಯ ಕಂಬಿ ಹಿಡಿದು, ತಲೆ ಒಂದು ಚೂರು ಬಗ್ಗಿಸಿ ಆ ಮಾತು ಹೇಳೋರು. ಹೇಳುವಾಗ ನನ್ನ ಮುಖ ನೋಡ್ತಿರಲಿಲ್ಲ, ನನ್ನ ಮುಂದಿದ್ದ ಪುಸ್ತಕ ನೋಡ್ತಿದ್ದರು.

ಅದೇ ಮಾತು ಬೈಬಲಿನಲ್ಲೂ ಇದೆ. ಮತ್ತಾಯನ ಸುವಾರ್ತೆ, 18ನೇ ಅಧ್ಯಾಯ. ಅಲ್ಲಿ ಯೇಸುಸ್ವಾಮಿ ಹೇಳುವ ಸಾಮ್ಯದಲ್ಲಿ, ಅಂದರೆ ನೀತಿಕಥೆಯಲ್ಲಿ, ಅರಸನಿಗೆ 10,000 ತಲಾಂತು ಬಾಕಿ ಇರುವ ಆಳು ಕಾಲಿಗೆ ಬಿದ್ದು, ತಾಳಿಕೋ, ಎಲ್ಲಾ ತೀರಿಸುತ್ತೇನೆ ಅನ್ನುತ್ತಾನೆ. ಗುಮಾಸ್ತನ ಬುದ್ಧಿ ಸುಮ್ಮನಿರುತ್ತದೆಯೇ? ಲೆಕ್ಕ ಹಾಕಿದೆ. ಒಂದು ತಲಾಂತಿಗೆ 6,000 ದೆನಾರಿ. ಒಂದು ದೆನಾರಿ ಅಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ದ್ರಾಕ್ಷಿತೋಟದ ಕೂಲಿಗಳ ಸಾಮ್ಯದಲ್ಲಿ ಬರುವುದೂ ಅದೇ ದರ. ಅಲ್ಲಿಗೆ 6 ಕೋಟಿ ದಿನದ ಕೂಲಿ ಆಯಿತು. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಈಗ ದಿನಕ್ಕೆ 500 ರೂಪಾಯಿ ಕೂಲಿ ಅಂತ ಇಟ್ಟುಕೊಳ್ಳಿ, 3,000 ಕೋಟಿ ರೂಪಾಯಿ. ಇದನ್ನು "ತೀರಿಸುತ್ತೇನೆ" ಅನ್ನುತ್ತಿದ್ದಾನೆ, ಮಹಾರಾಯ! ಅವನು ಕೇಳಿದ್ದು ಗಡುವು. ಅರಸ ಕೊಟ್ಟದ್ದು ಸಾಲ ಮನ್ನಾ.

ಹೊರಗೆ ಬಂದರೆ, ಇವನಿಗೆ 100 ದೆನಾರಿ ಕೊಡಬೇಕಾದ ಜೊತೆಯಾಳು ಸಿಗುತ್ತಾನೆ. ಹೋಗಿ ಕುತ್ತಿಗೆ ಹಿಡಿಯುತ್ತಾನೆ. ಅವನೂ ಅದೇ ಮಾತು ಹೇಳುತ್ತಾನೆ, ತಾಳಿಕೋ ಅಂತ. ಬೋಧನೆ ಮಾಡುವವರು ಇಲ್ಲಿ "ಚಿಲ್ಲರೆ ಸಾಲ" ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ದರಕ್ಕೆ 50,000 ರೂಪಾಯಿ. ಕೂಲಿಯವನ ಮನೆಯಲ್ಲಿ ಅದು ಮೂರು ತಿಂಗಳ ಅನ್ನ. ಇನ್ನೊಬ್ಬರಿಂದ ನಮಗಾದ ನೋವು ಚಿಲ್ಲರೆಯದು ಅಂತ ಯೇಸುಸ್ವಾಮಿ ಎಲ್ಲೂ ಹೇಳಲಿಲ್ಲ. ಬಾಕಿ ನಿಜವಾದ ಬಾಕಿಯೇ. ಅದರ ಪಕ್ಕದಲ್ಲಿ ನಮ್ಮ ಖಾತೆಯಲ್ಲಿ ಮನ್ನಾ ಆದದ್ದು ಎಷ್ಟು, ಅದನ್ನೂ ಇಟ್ಟು ನೋಡು ಅಂತ ಆತನು ಕೇಳುತ್ತಾನೆ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ. ಆ ಇಬ್ಬರು ಸಾಲಗಾರರೂ "ತಾಳಿಕೋ" ಅನ್ನುವಾಗ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದವೇ, ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ "ಪ್ರೀತಿ ಬಹು ತಾಳ್ಮೆಯುಳ್ಳದ್ದು" ಅಂತ ಬರೆದ ಕಡೆಯೂ ಇರುವುದು. ಆ ಪದದಲ್ಲಿ ಎರಡು ತುಂಡು: ಮಾಕ್ರೋಸ್, ಉದ್ದ, ಥುಮೋಸ್, ಒಳಗಿನ ಕುದಿ. ಕುದಿಯುವುದಕ್ಕೆ ಬಹಳ ಹೊತ್ತು ಹಿಡಿಯುವ ಸ್ವಭಾವ. ನಮ್ಮ ಹಳೇ ಕನ್ನಡ ಬೈಬಲು ಗಲಾತ್ಯದವರ ಪತ್ರಿಕೆಯಲ್ಲಿ ಇದನ್ನು "ದೀರ್ಘಶಾಂತಿ" ಅಂದಿದೆ. ಎಂಥ ಪದ! ನಾವು ಮದುವೆ ಕಾರ್ಡಿನ ಮೇಲೆ ಅಚ್ಚು ಹಾಕಿಸುವ ಆ ವಾಕ್ಯದ ಹಿಂದೆ ಒಬ್ಬ ಸಾಲಗಾರ ಕಂಬಿ ಹಿಡಿದು ನಿಂತಿದ್ದಾನೆ. "ತಾಳಿದವನು ಬಾಳಿಯಾನು" ಅನ್ನುವ ಗಾದೆ ಇದೆಯಲ್ಲ, ಅದು ತಾಳುವವನ ಲಾಭಕ್ಕೆ ಹೇಳಿದ್ದು. ಪೌಲನ ತಾಳ್ಮೆಯಲ್ಲಿ ಬಾಳಬೇಕಾದವನು ಎದುರಿಗಿದ್ದವನು.

ನಮ್ಮ ಮೈಸೂರಿನ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಈ ಕಟ್ಟಡಕ್ಕೆ ಎರಡು ತಳಪಾಯ, ಒಂದು ದೇವರ ಕರುಣೆ, ಇನ್ನೊಂದು ಮನುಷ್ಯರ ಕೃತಜ್ಞತೆ ಎಂಬರ್ಥದ ಮಾತನ್ನು ಅವರು ಆಡಿದ್ದರು. ನಮ್ಮ ಧರ್ಮದವರಲ್ಲದ ದೊರೆ ಅಷ್ಟು ಚೆನ್ನಾಗಿ ಹೇಳಿದರು. ಆ ಆಳಿಗೆ ಮೊದಲನೇ ತಳಪಾಯ ಸಿಕ್ಕಿತ್ತು, ಎರಡನೆಯದನ್ನು ಹಾಕಲೇ ಇಲ್ಲ.

ಈಗ ಹೆಂಡತಿ ನಕ್ಕ ವಿಷಯ. ನಮ್ಮ ಗೇಟಿನ ಮುಂದೆ ದಿನಾ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಸ್ಕೂಟರ್ ನಿಲ್ಲಿಸುತ್ತಾನೆ. ಹಾಲು ತರೋಕೆ ಹೊರಟರೆ ಅಡ್ಡ. ನಾನು ಒಂದು ದಿನವೂ ಜಗಳವಾಡಲಿಲ್ಲ. ಬಹಳ ತಾಳ್ಮೆ ನನಗೆ! ಆದರೆ ಒಳಗೆ ಬಂದು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಿದ್ದೆ. ಒಂದು ತಿಂಗಳಲ್ಲಿ 17 ಗೀಟು. ಇವಳು ನೋಡಿ, "ಇದೇನು, ಹಾಲಿನ ಲೆಕ್ಕಾನಾ?" ಅಂದಳು.

ಯೇಸುಸ್ವಾಮಿಯ ಶಿಷ್ಯ ಪೇತ್ರನೂ ನನ್ನಂಥ ಗುಮಾಸ್ತನೇ. ಎಷ್ಟು ಸಲ ಕ್ಷಮಿಸಲಿ, ಏಳು ಸಲವೋ ಅಂತ ಕೇಳುತ್ತಾನೆ. ಏಳೆಪ್ಪತ್ತು ಅನ್ನುತ್ತಾನೆ ಸ್ವಾಮಿ. ಗ್ರೀಕಿನಲ್ಲಿ ಅದನ್ನು 77 ಅಂತಲೂ ಓದಬಹುದು, 490 ಅಂತಲೂ ಓದಬಹುದು. ಆದಿಕಾಂಡದ 4ನೇ ಅಧ್ಯಾಯದಲ್ಲಿ ಲೆಮೆಕನು ಕೊಚ್ಚಿಕೊಳ್ಳುವ ಸೇಡಿನ ಲೆಕ್ಕಕ್ಕೂ ಹಳೆಯ ಗ್ರೀಕ್ ಅನುವಾದದಲ್ಲಿ ಇದೇ ಸಂಖ್ಯೆ. ಸೇಡಿಗೆ ಬಳಸಿದ ಮಗ್ಗಿಯನ್ನೇ ಸ್ವಾಮಿ ಕ್ಷಮೆಗೆ ತಿರುಗಿಸಿಬಿಟ್ಟ. ಇನ್ನು ಪೌಲನು, ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಅನ್ನುತ್ತಾನಲ್ಲ, ಅಲ್ಲಿರುವ ಕ್ರಿಯಾಪದ ಲೆಕ್ಕಪತ್ರದವರು ಬಳಸುತ್ತಿದ್ದದ್ದು. ಖಾತೆಗೆ ಬರೆಯುವುದಿಲ್ಲ ಅಂತ. ಕೂಗಾಡದೆ ಗೀಟು ಎಳೆಯುವವನು ತಾಳ್ಮೆಯವನಲ್ಲ, ವಸೂಲಿಗೆ ಕಾಯುತ್ತಿರುವವನು.

ಕೊರಿಂಥದವರೂ ಏನು ದೇವದೂತರಲ್ಲ. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು. ಕರ್ತನ ಭೋಜನಕ್ಕೆ ಕೂಡಿಬಂದಾಗ ಕೆಲವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಕೆಲವರು ಹಸಿದಿರುತ್ತಿದ್ದರು. ಪೌಲ ಕೊಟ್ಟ ಪರಿಹಾರ ಬಹಳ ಸರಳ: ಊಟಕ್ಕೆ ಒಬ್ಬರಿಗೊಬ್ಬರು ಕಾದುಕೊಳ್ಳಿ. ಹೋದ ಕ್ರಿಸ್‌ಮಸ್ಸಿನ ಪ್ರೀತಿಭೋಜನದಲ್ಲಿ ಕೊನೆಯ ಸಾಲಿಗೆ ಬರೀ ಕುಸ್ಕಾ ಉಳಿದದ್ದನ್ನು ನಾನು ಇಲ್ಲಿ ಎತ್ತುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಗಂಡನ ಕೈಯಲ್ಲಿ ಹೊಡೆಸಿಕೊಂಡು ಬಂದ ಹೆಣ್ಣುಮಗಳಿಗೆ "ತಾಳಿಕೊಂಡು ಹೋಗಮ್ಮ, ಪ್ರೀತಿ ಎಲ್ಲವನ್ನೂ ಸಹಿಸುತ್ತೆ" ಅಂದವರನ್ನು ನಾನು ಕಂಡಿದ್ದೇನೆ. ಮತ್ತಾಯನ ಆ 18ನೇ ಅಧ್ಯಾಯವನ್ನು ಪೂರ್ತಿ ಓದಿ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ ಅವನಿಗೆ ಹೇಳು, ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಅಂತ ಅಲ್ಲೇ ಇದೆ. ಸಾಮ್ಯದಲ್ಲೂ, ಕುತ್ತಿಗೆ ಹಿಡಿದದ್ದನ್ನು ನೋಡಿದ ಮಿಕ್ಕ ಆಳುಗಳು ಬಾಯಿ ಮುಚ್ಚಿಕೊಂಡಿರಲಿಲ್ಲ. ನೊಂದುಕೊಂಡು ಹೋಗಿ ಒಡೆಯನಿಗೆ ತಿಳಿಸಿದರು. ಸ್ಕೂಟರಿನ ಹುಡುಗನಿಗೂ ನಾನು ಕೊನೆಗೆ ಹೇಳಿದೆ. "ಅಯ್ಯೋ ಅಂಕಲ್, ಮೊದಲೇ ಹೇಳಬಾರದಾ?" ಅಂದ. ಈಗ ವಾರಕ್ಕೆರಡು ಸಲ ಮರೆಯುತ್ತಾನೆ. ಕ್ಯಾಲೆಂಡರ್ ಹೆಂಡತಿಯ ಸುಪರ್ದಿಯಲ್ಲಿದೆ.

ದೊಡ್ಡ ಖಾತೆ ಬೇರೆ ಇತ್ತು. ನಮ್ಮಣ್ಣನದು. ನಮ್ಮಪ್ಪ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ಅವನು ಊರಿಂದ ಬಂದದ್ದು ಎರಡೇ ಸಲ. ಎರಡನೇ ಸಲ ಬಂದಾಗ ಜಮೀನಿನ ಪತ್ರ ಕೇಳಿದ. ನಾನು ಒಂದು ಮಾತೂ ಆಡಲಿಲ್ಲ, ಹಬ್ಬಕ್ಕೆ ಕರೆಯುತ್ತಿದ್ದೆ, ಊಟಕ್ಕೆ ಬಡಿಸುತ್ತಿದ್ದೆ. 11 ವರ್ಷ ಆ ಬಾಕಿಗೆ ಚಕ್ರಬಡ್ಡಿ ಬೆಳೆಯುತ್ತಿತ್ತು.

ಹೋದ ತಿಂಗಳು ಅವನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು, ಇಲ್ಲೇ ಮೈಸೂರಿನಲ್ಲಿ. ನಮ್ಮ ಮನೆಯಲ್ಲೇ ಇದ್ದಾನೆ. ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕಬೇಕು. ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂರುತ್ತಾನೆ. ನಾನು ಎಡಗೈ ಬೆರಳಿನಿಂದ ಕೆಳರೆಪ್ಪೆ ಎಳೆದು ಹಿಡಿದು ಬಾಟಲಿ ಒತ್ತಬೇಕು. ಮೊದಲ ದಿನ, ಅಷ್ಟು ಹತ್ತಿರದಿಂದ ಅವನ ಮುಖ ನೋಡಿದಾಗ ನನ್ನ ಗಂಟಲಿಗೆ ಅದೇ ಪ್ರಶ್ನೆ ಬಂತು: ಅಪ್ಪ ಮಲಗಿದ್ದಾಗ ನೀನೆಲ್ಲಿದ್ದೆ? ಹನಿ ಕಣ್ಣಿಗೆ ಬೀಳದೆ ಕೆನ್ನೆ ಮೇಲೆ ಬಿತ್ತು. "ಕೈ ಯಾಕ್ಲಾ ನಡುಗ್ತದೆ ನಿಂಗೆ?" ಅಂದ. ಆಮೇಲೆ ಅವನೇ, "ತಡ್ಕೊ, ನೆಟ್ಟಗೆ ಕೂತ್ಕತೀನಿ, ಇನ್ನೊಂದ್ಸಲ ಹಾಕು" ಅಂದ.

ಹೊರಡುವ ಮುಂಚೆ ಮೂರು ಗಂಟೆಯದು ಹಾಕಿ ಬಂದಿದ್ದೇನೆ. ಮುಂದಿನದು ಐದೂವರೆಗೆ. ಅಯ್ಯನವರು ದಯವಿಟ್ಟು ಕೊನೆಯ ಪ್ರಾರ್ಥನೆ ಚಿಕ್ಕದಾಗಿ ಮಾಡಿದರೆ ನಾನು ಆರೂಕಾಲರ ಬಸ್ಸಿಗೆ ಕಾಯದೆ ಆಟೋದಲ್ಲಿ ಹೋಗಿಬಿಡುತ್ತೇನೆ.