ಮೋಡದ ಕಾಡಿನ ಬೇಟೆಗಾರ ಗಿಡ

ಕೇಳುಗರೆಲ್ಲರಿಗೂ ನಮಸ್ಕಾರ.

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ದಕ್ಷಿಣ ಭಾಗದಲ್ಲಿ, ಪೆರು ಗಡಿಯ ಬಳಿ, ಆಂಡಿಸ್ ಪರ್ವತಸಾಲು ಸ್ವಲ್ಪ ತಗ್ಗಿ ಕಣಿವೆ ಕಂದರಗಳಾಗಿ ಒಡೆದುಕೊಂಡಿದೆ. ಅಲ್ಲಿ ಸುಮಾರು 2900 ಮೀಟರ್ ಎತ್ತರದಲ್ಲಿ, ಗೋಡೆಯ ಹಾಗೆ ನೆಟ್ಟಗೆ ನಿಂತ ಬಂಡೆಯೊಂದರ ಮೇಲೆ ಪುಟ್ಟ ಗಿಡವೊಂದು ಬೆಳೆಯುತ್ತದೆ. 2023ರಲ್ಲಿ ಸಸ್ಯವಿಜ್ಞಾನಿಗಳು ಅದಕ್ಕೆ ಪಿಂಗ್ವಿಕ್ಯುಲಾ ಆಂಬ್ರೊಫಿಲಾ ಎಂದು ಹೆಸರಿಟ್ಟರು. ಬಟರ್‌ವರ್ಟ್ ಎಂದು ಕರೆಯುವ ಕೀಟಾಹಾರಿ ಗಿಡಗಳ ಕುಲ ಇದರದು. ಇದರ ಜೊತೆಯಲ್ಲೇ ವರದಿಯಾದ ಇನ್ನೊಂದು ಹೊಸ ಪ್ರಭೇದ, ಪಿಂಗ್ವಿಕ್ಯುಲಾ ಹಿಂಬುರೆನ್ಸಿಸ್, ಸಿಕ್ಕಿದ್ದು 3400 ಮೀಟರ್ ಎತ್ತರದ ಸರೋವರದ ದಡದಲ್ಲಿ. ಅಲ್ಲಿಯವರೆಗೆ ಈಕ್ವೆಡಾರಿನಲ್ಲಿ ಈ ಕುಲದ ಒಂದೇ ಒಂದು ಪ್ರಭೇದ ಗೊತ್ತಿತ್ತು.

ಗಿಡ ಹುಳು ಹಿಡಿಯುವುದೆಂದರೆ ಬಾಯಿ ತೆರೆದು ಗಪ್ಪನೆ ಮುಚ್ಚುವ ಎಲೆಯೇ ಅನೇಕರಿಗೆ ನೆನಪಾಗುತ್ತದೆ. ಬಟರ್‌ವರ್ಟ್ ಅಷ್ಟು ಆರ್ಭಟ ಮಾಡುವುದಿಲ್ಲ. ನೆಲಕ್ಕೋ ಬಂಡೆಗೋ ಒತ್ತಿಕೊಂಡ ಮೆತ್ತನೆಯ ಎಲೆಗಳು ಸುತ್ತಲೂ ಹರಡಿರುತ್ತವೆ. ಮೇಲ್ಮೈ ತುಪ್ಪ ಸವರಿದಂತೆ ಮಿರುಗುತ್ತದೆ. ಭೂತಕನ್ನಡಿ ಹಿಡಿದು ನೋಡಿದರೆ ಅಲ್ಲಿ ಎರಡು ಬಗೆಯ ಗ್ರಂಥಿಗಳು ಕಾಣುತ್ತವೆ. ಸಣ್ಣ ತೊಟ್ಟಿನ ಮೇಲೆ ನಿಂತವು ತುದಿಯಲ್ಲಿ ಅಂಟಿನ ಹನಿ ಹೊತ್ತಿರುತ್ತವೆ. ತೊಟ್ಟಿಲ್ಲದವು ಎಲೆಯ ಮೈಗೇ ಕುಳಿತಿರುತ್ತವೆ. ಒಂದು ನೊರಜು ಬಂದು ಕೂರುತ್ತದೆ, ಕಾಲು ಅಂಟುತ್ತದೆ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಇನ್ನಷ್ಟು ಹನಿಗಳು ಮೈಗೆ ಮೆತ್ತಿಕೊಳ್ಳುತ್ತವೆ. ಆಗ ತೊಟ್ಟಿಲ್ಲದ ಗ್ರಂಥಿಗಳಿಂದ ಜೀರ್ಣಕಾರಿ ಕಿಣ್ವಗಳು ಒಸರುತ್ತವೆ. ಹುಳುವಿನ ಮೆದು ಭಾಗವೆಲ್ಲ ಕರಗಿ ಎಲೆಯೊಳಗೆ ಹೋಗುತ್ತದೆ, ಒಣ ಚಿಪ್ಪು ಮಾತ್ರ ಮೇಲೆ ಉಳಿಯುತ್ತದೆ.

ಯುರೋಪಿನ ಬಟರ್‌ವರ್ಟ್ ಒಂದರ ಮೇಲೆ ಚಾರ್ಲ್ಸ್ ಡಾರ್ವಿನ್ ಈ ಕೆಲಸವನ್ನು ಪರೀಕ್ಷಿಸಿ 1875ರಲ್ಲಿ ಪ್ರಕಟಿಸಿದರು. ಎಲೆಯ ಮೇಲೆ ಮಾಂಸದ ಚೂರಿಟ್ಟಾಗ ಒಸರಿದ ರಸ ಹುಳಿಯಾಯಿತು, ಗಾಜಿನ ಚೂರಿಟ್ಟಾಗ ಆಗಲಿಲ್ಲ. ತನ್ನ ಮೇಲೆ ಬಿದ್ದದ್ದು ಆಹಾರವೋ ಅಲ್ಲವೋ ಎಂಬುದನ್ನು ನರಗಳಿಲ್ಲದ ಒಂದು ಎಲೆ ಹೀಗೆ ಗುರುತಿಸುತ್ತದೆ. ಇದಕ್ಕಿಂತ ದೊಡ್ಡ ವಿಸ್ಮಯವನ್ನು ಸಸ್ಯಲೋಕದಲ್ಲಿ ನಾನು ಕಂಡಿಲ್ಲ.

ಇಷ್ಟೆಲ್ಲ ಏಕೆ ಬೇಕಾಯಿತು? ಈ ಗಿಡ ಇರುವುದು ಮೋಡದ ಕಾಡಿನಲ್ಲಿ, ಎಂದರೆ ಮೋಡ ಸದಾ ಕವಿಯುವ ಬೆಟ್ಟದ ಕಾಡಿನಲ್ಲಿ. ಅಲ್ಲಿ ನೀರಿಗೆ ಬರವಿಲ್ಲ, ಗೊಬ್ಬರಕ್ಕೆ ಬರ. ನಿತ್ಯ ಜಿನುಗುವ ನೀರು ಸಾರಜನಕವನ್ನೂ ರಂಜಕವನ್ನೂ ತೊಳೆದುಕೊಂಡು ಹೋಗುತ್ತದೆ. ಬರಿಯ ಬಂಡೆಯಲ್ಲಿ ಮಣ್ಣೂ ಇಲ್ಲ, ಗಿಡದ ಬೇರೂ ದುರ್ಬಲ. ಬೇರಿಗೆ ದಕ್ಕದ್ದನ್ನು ಎಲೆಯೇ ಸಂಪಾದಿಸಬೇಕು. ನಮ್ಮ ಪಶ್ಚಿಮಘಟ್ಟದಲ್ಲಿ ಬಟರ್‌ವರ್ಟ್ ಇಲ್ಲ. ಈ ಕುಲದ ಒಂದು ಪ್ರಭೇದ ಹಿಮಾಲಯದಲ್ಲಿದೆ. ಆದರೆ ಅದೇ ಕುಟುಂಬದ ಇನ್ನೊಂದು ಕೀಟಾಹಾರಿ ಕುಲವಾದ ಯುಟ್ರಿಕ್ಯುಲೇರಿಯಾ ಗಿಡಗಳು ಮಳೆಗಾಲದಲ್ಲಿ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ನೀಲಿ ಹೂ ಬಿಡುತ್ತವೆ. ಅಲ್ಲಿಯೂ ಕಾರಣ ಇದೇ: ನೀರು ಧಾರಾಳ, ಸತ್ವ ಅತ್ಯಲ್ಪ.

ಈಕ್ವೆಡಾರಿನ ಎರಡು ಹೊಸ ಪ್ರಭೇದಗಳೂ ಕಂಡದ್ದು ಒಂದೊಂದೇ ಜಾಗದಲ್ಲಿ, ಬೆಳೆದು ನಿಂತ ಕೆಲವೇ ಡಜನ್ ಗಿಡಗಳಾಗಿ. ಇಂಥ ಗಿಡವನ್ನು ಉಳಿಸಲು ಸುತ್ತ ಬೇಲಿ ಹಾಕಿದರೆ ಸಾಲದು, ಅದರ ಮೇಲೆ ಕವಿಯುವ ಮೋಡವೂ ಉಳಿಯಬೇಕು. ಭೂಮಿ ಬಿಸಿಯಾದಂತೆ ಬೆಟ್ಟದಲ್ಲಿ ಮೋಡ ಕಟ್ಟುವ ಮಟ್ಟ ಮೇಲಕ್ಕೆ ಸರಿಯಬಹುದು. ಬಟರ್‌ವರ್ಟಿನ ಬೀಜ ಧೂಳಿನಷ್ಟು ಸಣ್ಣದು, ಗಾಳಿಯೊಡನೆ ಅದೂ ಮೇಲಕ್ಕೆ ಹೋದೀತು. ಆದರೆ ಅದು ಬಿದ್ದಲ್ಲಿ ನೀರು ಜಿನುಗುವ ಇನ್ನೊಂದು ಬಂಡೆ ಸಿಗಬೇಕು. ಈ ಎತ್ತರದ ಸೀಮೆಯಲ್ಲಿ ಸಸ್ಯವಿಜ್ಞಾನಿಗಳು ಇನ್ನೂ ಹತ್ತಿ ನೋಡದ ಕಣಿವೆಗಳು ಬೇಕಾದಷ್ಟಿವೆ. ಹೆಸರೇ ಇಲ್ಲದ ಬಟರ್‌ವರ್ಟ್‌ಗಳು ಅಲ್ಲಿ ಇನ್ನೂ ಇರಬಹುದು. ಹುಡುಕಾಟ ಮೋಡ ಸರಿಯುವ ಮೊದಲೇ ನಡೆಯಲಿ ಎಂಬುದೇ ನನ್ನ ಆಸೆ.

ನಮಸ್ಕಾರ.